ಮದುವೆ ಹಾಲ್‌ಗೆ ಲ್ಯಾಪ್‌ಟಾಪ್, ಕೀಬೋರ್ಡ್ ಒಯ್ಯುವ ಮುಂಚೆ

ಕಕ್ಕಡ ತಿಂಗಳು ಶುರುವಾದ ಕೂಡಲೇ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕೊಡಗಿನಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಮಳೆ ಬಿಡುವ ಲಕ್ಷಣವೂ ಇಲ್ಲ. ಆರ್ಕೆಸ್ಟ್ರಾದವರು, ಭಜನೆ ತಂಡದವರು, ವಿರಾಜಪೇಟೆ ಕಡೆಯ ಚರ್ಚ್ ಕ್ವಾಯರ್ ಹುಡುಗರು, ಎಲ್ಲರೂ ಮನೆಯಲ್ಲೇ. ಆಗ ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಲಕ್ಷ ಕೊಟ್ಟು ದೊಡ್ಡ ಕೀಬೋರ್ಡ್ ತಗೊಳ್ಳೋ ಬದಲು, ಇರೋ ಲ್ಯಾಪ್‌ಟಾಪಲ್ಲೇ ಸೌಂಡ್ ತೆಗೆದು ಸ್ಟೇಜಲ್ಲಿ ನುಡಿಸಬಹುದಾ?"

ನುಡಿಸಬಹುದು. ಆದರೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವಾಗ ಇರುವ ನೆಮ್ಮದಿ, ಸಮಾಜದ ಹಾಲ್‌ನಲ್ಲಿ ಜನರೇಟರ್ ಗುಡುಗುವಾಗ ಇರುವುದಿಲ್ಲ. ಪಿಯಾನೋ ಟೋನ್ ಸ್ವಲ್ಪ ಸಪ್ಪೆ ಇತ್ತು ಅಂತ ಮದುವೆಗೆ ಬಂದವರು ಯಾರೂ ಬೈಯುವುದಿಲ್ಲ. ಹಾಡಿನ ಮಧ್ಯೆ ಸೌಂಡ್ ನಿಂತರೆ ಮಾತ್ರ ಇಡೀ ಹಾಲ್ ನಿಮ್ಮ ಕಡೆ ತಿರುಗುತ್ತದೆ. ಹಾಗಾಗಿ ಈ ಬರಹದಲ್ಲಿ ಒಳ್ಳೆಯ ಟೋನ್ ಹುಡುಕುವ ಮಾತು ಕಡಿಮೆ. ಸೌಂಡ್ ನಿಲ್ಲದ ಹಾಗೆ ನೋಡಿಕೊಳ್ಳುವ ಮಾತು ಜಾಸ್ತಿ.

ಮೊದಲು ಕೆಲವು ಪದ ತಿಳಿದುಕೊಳ್ಳಿ, ಮುಂದೆ ಪದೇ ಪದೇ ಬರುತ್ತವೆ.

ಸಾಫ್ಟ್‌ವೇರ್ ಸಿಂಥ್ ಅಂದರೆ ಕಂಪ್ಯೂಟರ್ ಒಳಗೆ ಕೂತಿರುವ ವಾದ್ಯ. ಪಿಯಾನೋ, ಸ್ಟ್ರಿಂಗ್ಸ್, ಆರ್ಗನ್, ಏನು ಬೇಕಾದರೂ ಆಗಬಹುದು. ಈ ವಾದ್ಯಗಳು ಹೆಚ್ಚಾಗಿ ವಿಎಸ್‌ಟಿ ಅನ್ನುವ ರೂಪದಲ್ಲಿ ಸಿಗುತ್ತವೆ. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತಂದ ಪದ್ಧತಿ ಅದು. ವಿಎಸ್‌ಟಿ ತಾನಾಗಿ ಓಡುವುದಿಲ್ಲ, ಅದನ್ನು ಕೂರಿಸಿಕೊಳ್ಳಲು ಇನ್ನೊಂದು ಸಾಫ್ಟ್‌ವೇರ್ ಬೇಕು. ಅದಕ್ಕೆ ಹೋಸ್ಟ್ ಅನ್ನುತ್ತಾರೆ.

ಮಿಡಿ ಅನ್ನುವುದು 1983ರಿಂದ ಬಳಕೆಯಲ್ಲಿರುವ ಭಾಷೆ. ಮಿಡಿ ವೈರಿನಲ್ಲಿ ಶಬ್ದ ಹರಿಯುವುದಿಲ್ಲ, ಬರೀ ಸೂಚನೆ ಹೋಗುತ್ತದೆ. "60ನೇ ನಂಬರಿನ ಕೀ ಒತ್ತಿದ, 90ರಷ್ಟು ಜೋರಾಗಿ ಒತ್ತಿದ, ಈಗ ಬಿಟ್ಟ." ಅಷ್ಟೇ. ಜೋರು ಅಳೆಯುವುದು 0ರಿಂದ 127ರವರೆಗಿನ ಅಂಕಿಯಲ್ಲಿ. ಶಬ್ದ ಹುಟ್ಟುವುದು ಲ್ಯಾಪ್‌ಟಾಪ್ ಒಳಗೆ. ಈ ಒಂದು ವಿಷಯ ತಲೆಯಲ್ಲಿದ್ದರೆ, ತೊಂದರೆ ಬಂದಾಗ ಎಲ್ಲಿ ಹುಡುಕಬೇಕು ಅಂತ ಅರ್ಧ ಗೊತ್ತಾದ ಹಾಗೆ.

1. ಸಾಮಾನು ಹೊಂದಿಸಿಕೊಳ್ಳಿ

ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರಲೇಬೇಕು. ರ‍್ಯಾಮ್ 8 ಜಿಬಿ ಇದ್ದರೆ ಹೇಗೋ ಸಾಗುತ್ತದೆ, 16 ಇದ್ದರೆ ಆರಾಮ. ವಿಂಡೋಸ್ ಆಗಲಿ ಮ್ಯಾಕ್ ಆಗಲಿ, ಕೈಗೆ ಒಗ್ಗಿದ್ದು ಇರಲಿ. ಇದಕ್ಕಾಗಿಯೇ ಹೊಸ ಲ್ಯಾಪ್‌ಟಾಪ್ ತೆಗೆಯಬೇಡಿ.

ಕೀಬೋರ್ಡ್ ವಿಷಯದಲ್ಲಿ ನನ್ನ ಮಾತು ಒಂದೇ. ನಿಮ್ಮ ಹಳೇ ಕೀಬೋರ್ಡ್ ಮಾರಬೇಡಿ. ಹಿಂದುಗಡೆ ಯುಎಸ್‌ಬಿ ಅಥವಾ ಮಿಡಿ ಕಿಂಡಿ ಇದೆಯಾ ನೋಡಿ. ಇದ್ದರೆ ಅದೇ ನಿಮ್ಮ ಕಂಟ್ರೋಲರ್. ಅಂಗಡಿಯಲ್ಲಿ ಸಿಗುವ ಹಗುರ ಮಿಡಿ ಕಂಟ್ರೋಲರ್‌ಗೆ ಸ್ವಂತ ಶಬ್ದವೇ ಇರುವುದಿಲ್ಲ, ಲ್ಯಾಪ್‌ಟಾಪ್ ನಿಂತರೆ ಅದು ಸುಮ್ನೆ ಪ್ಲಾಸ್ಟಿಕ್ ಹಲಗೆ. ಹಳೇ ಕೀಬೋರ್ಡ್ ಒಳಗೆ ಅದರದ್ದೇ ಪಿಯಾನೋ ಇರುತ್ತದೆ. ಅದು ಒಂದು ದಿನ ನಿಮ್ಮ ಮಾನ ಉಳಿಸುತ್ತದೆ.

ಹಾಗೆ ಬಳಸುವಾಗ ಹೊಸಬರು ಬೀಳುವ ಗುಂಡಿ ಒಂದಿದೆ. ಕೀ ಒತ್ತಿದರೆ ಕೀಬೋರ್ಡ್ ಶಬ್ದ, ಲ್ಯಾಪ್‌ಟಾಪ್ ಶಬ್ದ ಎರಡೂ ಒಟ್ಟಿಗೆ ಬರುತ್ತವೆ. ಕೀಬೋರ್ಡ್ ಸೆಟ್ಟಿಂಗ್ ಒಳಗೆ ಲೋಕಲ್ ಕಂಟ್ರೋಲ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಕೀಗಳಿಗೂ ಒಳಗಿನ ಶಬ್ದಕ್ಕೂ ಇರುವ ಸಂಬಂಧ ಕಡಿದುಹೋಗುತ್ತದೆ, ಮಿಡಿ ಮಾತ್ರ ಹೊರಗೆ ಹೋಗುತ್ತದೆ. ವಾಪಸ್ ಆನ್ ಮಾಡುವುದು ಎಲ್ಲಿ ಅಂತ ಕಣ್ಣು ಮುಚ್ಚಿಕೊಂಡು ಹುಡುಕುವಷ್ಟು ಅಭ್ಯಾಸ ಮಾಡಿ. ಅದು ಯಾಕೆ ಅಂತ ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಮೂರನೆಯದು ಆಡಿಯೋ ಇಂಟರ್‌ಫೇಸ್. ಲ್ಯಾಪ್‌ಟಾಪ್‌ನಿಂದ ಶಬ್ದವನ್ನು ಸರಿಯಾಗಿ ಹೊರಗೆ ತರುವ ಪುಟ್ಟ ಪೆಟ್ಟಿಗೆ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಕಿಂಡಿಯಿಂದ ನೇರ ಸೌಂಡ್‌ನವರ ಮಿಕ್ಸರ್‌ಗೆ ವೈರ್ ಎಳೆದರೆ ಆಗಲ್ವಾ ಅಂತ ಕೇಳುತ್ತಾರೆ. ಮನೆಯಲ್ಲಿ ಆಗುತ್ತದೆ. ಸ್ಟೇಜಿನಲ್ಲಿ ಆ ಸಣ್ಣ ಪಿನ್ ಅಲ್ಲಾಡಿದಾಗಲೆಲ್ಲ ಗೊರಗೊರ ಅನ್ನುತ್ತದೆ, ತಡವೂ ಜಾಸ್ತಿ. ಎರಡು ಔಟ್‌ಪುಟ್ ಇರುವ ಸಾದಾ ಇಂಟರ್‌ಫೇಸ್ ಸಾಕು. ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವಂಥದ್ದು ಆರಿಸಿ. ಬೇರೆ ಅಡಾಪ್ಟರ್ ಬೇಕಾದ ಇಂಟರ್‌ಫೇಸ್, ಕರೆಂಟ್ ಹೋದ ಕ್ಷಣ ಸಾಯುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಬದುಕಿದ್ದೂ ಪ್ರಯೋಜನ ಇಲ್ಲ.

ಉಳಿದದ್ದು ಸಸ್ಟೇನ್ ಪೆಡಲ್ (ಕೀ ಬಿಟ್ಟ ಮೇಲೂ ಸ್ವರ ಉಳಿಸುವ ಕಾಲೊತ್ತು), ಎರಡು ಡಿಐ ಬಾಕ್ಸ್ (ಇದರ ಕೆಲಸ ಮುಂದೆ ಹೇಳುತ್ತೇನೆ), ಪ್ರತಿಯೊಂದು ವೈರೂ ಒಂದೊಂದು ಜಾಸ್ತಿ. ಯುಎಸ್‌ಬಿ ವೈರಂತೂ ಎರಡಲ್ಲ, ಮೂರು ಇಟ್ಟುಕೊಳ್ಳಿ. ಗೋಣಿಕೊಪ್ಪಲಿನಲ್ಲಿ ರಾತ್ರಿ ಎಂಟಕ್ಕೆ ಆ ವೈರ್ ಹುಡುಕಿಕೊಂಡು ಹೊರಟರೆ ಯಾವ ಅಂಗಡಿ ತೆರೆದಿರುತ್ತದೆ?

2. ಲ್ಯಾಪ್‌ಟಾಪ್ ಬಾಯಿ ಮುಚ್ಚಿಸಿ

ಲ್ಯಾಪ್‌ಟಾಪ್ ಒಂದೇ ಹೊತ್ತಿಗೆ ನೂರು ಕೆಲಸ ಮಾಡುತ್ತಿರುತ್ತದೆ. ನಿಮಗೆ ಬೇಕಾದ್ದು ಒಂದೇ.

ಸ್ಟೇಜಿಗೆ ಅಂತ ಬೇರೆ ಯೂಸರ್ ಅಕೌಂಟ್ ಮಾಡಿ. ಅದರಲ್ಲಿ ವಾಟ್ಸಾಪ್ ಬೇಡ, ಮೇಲ್ ಬೇಡ. ಪವರ್ ಸೆಟ್ಟಿಂಗ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ. ಸ್ಕ್ರೀನ್ ಆರುವುದು, ಲ್ಯಾಪ್‌ಟಾಪ್ ನಿದ್ದೆಗೆ ಹೋಗುವುದು, ಮುಚ್ಚಳ ಮುಚ್ಚಿದರೆ ಮಲಗುವುದು, ಎಲ್ಲ ಬಂದ್. ವಿಂಡೋಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವ ಸೆಟ್ಟಿಂಗ್ ಇದೆ. ಕರೆಂಟ್ ಉಳಿಸಲು ಅದು ಯುಎಸ್‌ಬಿಯನ್ನು ಮಲಗಿಸುತ್ತದೆ. ಭಾಷಣ ನಡೆಯುವ ಅರ್ಧ ಗಂಟೆ ನೀವು ಸುಮ್ಮನೆ ಕೂತಿದ್ದರೆ, ನಿಮ್ಮ ಕೀಬೋರ್ಡೂ ನಿದ್ದೆ ಮಾಡಿಬಿಡುತ್ತದೆ. ಅದನ್ನೂ ಬಂದ್ ಮಾಡಿ.

ಕಾರ್ಯಕ್ರಮದ ದಿನ ವೈಫೈ, ಬ್ಲೂಟೂತ್ ಆಫ್. ಸುಮ್ನೆ ಹೇಳುತ್ತಿಲ್ಲ. ವೈಫೈ ಡ್ರೈವರ್ (ವೈಫೈ ನಡೆಸುವ ಸಾಫ್ಟ್‌ವೇರ್) ಮಧ್ಯೆ ಮಧ್ಯೆ ಪ್ರೊಸೆಸರ್ ಹಿಡಿದುಕೊಂಡು ಶಬ್ದ ಪಟ್ ಪಟ್ ಅನ್ನಿಸುವುದು ತೀರಾ ಸಾಮಾನ್ಯ. ಯಾವ ಡ್ರೈವರ್ ತಂಟೆ ಮಾಡುತ್ತಿದೆ ಅಂತ ತೋರಿಸುವ ಲೇಟೆನ್ಸಿಮಾನ್ ಅನ್ನುವ ಉಚಿತ ಸಾಫ್ಟ್‌ವೇರ್ ವಿಂಡೋಸ್‌ಗೆ ಸಿಗುತ್ತದೆ. ಹತ್ತು ನಿಮಿಷ ಓಡಿಸಿ ನೋಡಿ.

ಇನ್ನೊಂದು ಉಪಾಯ. ಕಂಪ್ಯೂಟರಿನ ಸಾಮಾನ್ಯ ಶಬ್ದ ಹೋಗುವ ದಾರಿಯನ್ನು ಲ್ಯಾಪ್‌ಟಾಪ್ ಸ್ಪೀಕರ್‌ಗೇ ಬಿಡಿ. ಹೋಸ್ಟ್ ಮಾತ್ರ ಇಂಟರ್‌ಫೇಸ್ ಬಳಸಲಿ. ಆಗ ಯಾವುದೋ ನೋಟಿಫಿಕೇಶನ್ ಟಿಂಗ್ ಅಂದರೂ ನಿಮಗೊಬ್ಬರಿಗೆ ಕೇಳಿಸುತ್ತದೆ. ಧಾರೆಯ ಹೊತ್ತಿಗೆ ಇಡೀ ಹಾಲ್‌ಗೆ ಕೇಳಿಸುವುದಿಲ್ಲ.

ಅಪ್‌ಡೇಟ್ ಏನಿದ್ದರೂ ಕಕ್ಕಡದಲ್ಲಿ ಮುಗಿಸಿ. ಕಾರ್ಯಕ್ರಮ ಇರುವ ವಾರ ಯಾವುದನ್ನೂ ಮುಟ್ಟಬೇಡಿ, ಎಷ್ಟೇ ಆಸೆ ತೋರಿಸಿದರೂ.

3. ತಡ ಕಡಿಮೆ ಮಾಡಿ, ಆದರೆ ಅತಿ ಬೇಡ

ಕೀ ಒತ್ತಿದ್ದಕ್ಕೂ ಶಬ್ದ ಕಿವಿಗೆ ಬೀಳುವುದಕ್ಕೂ ನಡುವಿನ ತಡಕ್ಕೆ ಲೇಟೆನ್ಸಿ ಅನ್ನುತ್ತಾರೆ. ಇದನ್ನು ನಿಯಂತ್ರಿಸುವುದು ಬಫರ್.

ತೋಟದಿಂದ ಕಣಕ್ಕೆ ಕಾಫಿ ಹೊರುವುದನ್ನು ನೆನೆಸಿಕೊಳ್ಳಿ. ದೊಡ್ಡ ಚೀಲ ತುಂಬುವವರೆಗೆ ಕಾದರೆ ಕಣದಲ್ಲಿ ಇರುವವನಿಗೆ ಕಾಫಿ ತಡವಾಗಿ ತಲುಪುತ್ತದೆ. ಚಿಕ್ಕ ಚೀಲವಾದರೆ ಬೇಗ ತಲುಪುತ್ತದೆ, ಆದರೆ ಹೊರುವವನು ಓಡುತ್ತಲೇ ಇರಬೇಕು. ಅವನು ಒಂದು ಸಲ ಹಿಂದೆ ಬಿದ್ದರೂ ಕಣದವನ ಕೈ ಖಾಲಿ. ಬಫರ್ ಅಂದರೆ ಆ ಚೀಲದ ಗಾತ್ರ, ಹೊರುವವನು ಲ್ಯಾಪ್‌ಟಾಪ್. ಕೈ ಖಾಲಿಯಾದ ಆ ಕ್ಷಣವೇ ನೀವು ಕೇಳುವ ಪಟ್ ಅನ್ನುವ ಶಬ್ದ.

ಅಂಕಿಯಲ್ಲಿ ಹೇಳುವುದಾದರೆ, ಸೆಕೆಂಡಿಗೆ 44,100 ಸ್ಯಾಂಪಲ್ (ಶಬ್ದದ ಒಂದೊಂದು ಅಳತೆ) ಲೆಕ್ಕದಲ್ಲಿ 128ರ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್. 256 ಅಂದರೆ ಸುಮಾರು 6. 512 ಅಂದರೆ ಹತ್ತಿರ ಹತ್ತಿರ 12. 1024 ಆದರೆ 23. ಇದರ ಮೇಲೆ ಡ್ರೈವರ್ ಮತ್ತು ಇಂಟರ್‌ಫೇಸ್ ತಮ್ಮ ಪಾಲು ಇನ್ನೂ ಒಂದಿಷ್ಟು ಸೇರಿಸುತ್ತವೆ.

ವಿಂಡೋಸ್‌ನವರು ಹೋಸ್ಟ್ ಒಳಗೆ ಎಎಸ್‌ಐಒ ಡ್ರೈವರನ್ನೇ ಆರಿಸಬೇಕು. ಮಾಮೂಲಿ ವಿಂಡೋಸ್ ಡ್ರೈವರ್‌ನಲ್ಲಿ ತಡ ತುಂಬಾ ಜಾಸ್ತಿ. ಇಂಟರ್‌ಫೇಸ್ ತಯಾರಿಸಿದವರು ಕೊಡುವ ಎಎಸ್‌ಐಒ ಡ್ರೈವರ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಎಎಸ್‌ಐಒ4ಆಲ್ ಅಂತ ಉಚಿತವಾಗಿ ಸಿಗುವುದು ಒಂದಿದೆ. ಮ್ಯಾಕ್‌ನವರಿಗೆ ಈ ತಲೆನೋವಿಲ್ಲ, ಕೋರ್ ಆಡಿಯೋ ಒಳಗೇ ಬಂದಿರುತ್ತದೆ.

ಈಗ ಇಲ್ಲಿ ಬೀಳುವ ಗುಂಡಿ. ಎಲ್ಲರಿಗೂ 32 ಅಥವಾ 64ರ ಬಫರ್ ಇಡುವ ಚಟ. ಬೇಡ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಮಾನಿಟರ್ ಸ್ಪೀಕರ್ (ನುಡಿಸುವವರಿಗೆ ಕೇಳಿಸಲು ಇಡುವುದು) ನಿಮ್ಮಿಂದ 3 ಮೀಟರ್ ದೂರ ಇದ್ದರೆ ಅಲ್ಲಿಂದ ಬರಲಿಕ್ಕೇ 9 ಮಿಲಿಸೆಕೆಂಡ್ ಬೇಕು. ಅದನ್ನು ಎಳೆದು ಒಂದು ಮೀಟರಿಗೆ ತಂದರೆ 6 ಮಿಲಿಸೆಕೆಂಡ್ ಉಳಿಯಿತು. ಲ್ಯಾಪ್‌ಟಾಪ್‌ಗೆ ಒಂಚೂರೂ ಕಷ್ಟ ಕೊಡದೆ! ನಾನು ಸ್ಟೇಜಿನಲ್ಲಿ 256 ಇಡುತ್ತೇನೆ, ಮಾನಿಟರ್ ಪಕ್ಕದಲ್ಲಿ ಇಡಿಸಿಕೊಳ್ಳುತ್ತೇನೆ.

ಬ್ಲೂಟೂತ್ ಸ್ಪೀಕರ್ ಅಥವಾ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು "ತುಂಬಾ ತಡ ಬರ್ತಿದೆ" ಅಂತ ಫೋನ್ ಮಾಡಬೇಡಿ. ಅದು ಬಂದೇ ಬರುತ್ತದೆ. ವೈರ್ ಇರುವ ಹೆಡ್‌ಫೋನ್ ಹಾಕಿ.

4. ಟೋನ್‌ಗಳನ್ನು ಹಾಡಿನ ಕ್ರಮದಲ್ಲಿ ಜೋಡಿಸಿ

ಹೋಸ್ಟ್ ಆರಿಸುವಾಗ ಸ್ಟೇಜಿಗಾಗಿಯೇ ಮಾಡಿದ್ದನ್ನು ನೋಡಿ. ಮ್ಯಾಕ್ ಇದ್ದರೆ ಮೇನ್‌ಸ್ಟೇಜ್. ವಿಂಡೋಸ್‌ಗೆ ಕ್ಯಾಂಟಬಿಲೆ, ಅದರ ಲೈಟ್ ಆವೃತ್ತಿ ಉಚಿತ. ಗಿಗ್ ಪರ್ಫಾರ್ಮರ್ ಎರಡರಲ್ಲೂ ಓಡುತ್ತದೆ, ದುಡ್ಡು ಕೊಡಬೇಕು. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲೂ ನುಡಿಸಬಹುದು, ಆದರೆ ಹಾಡಿನಿಂದ ಹಾಡಿಗೆ ಹಾರುವುದು ಅದರಲ್ಲಿ ರಗಳೆ.

ವಾದ್ಯಗಳಿಗೆ ಮೊದಲು ಉಚಿತವಾದವು ನೋಡಿ. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ. ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹಿಡಿಯುವ ಮೆತ್ತನೆ ಟೋನ್), ಸ್ಟ್ರಿಂಗ್ಸ್, ಲೀಡ್ (ಎದ್ದು ಕೇಳುವ ಒಂಟಿ ಟೋನ್), ಎಲ್ಲಕ್ಕೂ ಆಗುತ್ತದೆ. ವೈಟಲ್‌ಗೂ ಉಚಿತ ಆವೃತ್ತಿ ಇದೆ. ಡೆಕ್ಸೆಡ್ ಅನ್ನುವುದು 1983ರಲ್ಲಿ ಬಂದ ಯಮಾಹಾ ಡಿಎಕ್ಸ್7ರ ನಕಲು. 80ರ ದಶಕದ ಹಾಡುಗಳಲ್ಲಿ ಕೇಳುವ ಗಂಟೆಯಂಥ ಎಲೆಕ್ಟ್ರಿಕ್ ಪಿಯಾನೋ ಬೇಕಿದ್ದರೆ ಇದು. ಪಿಯಾನೋಗೆ ನಾನು ದುಡ್ಡು ಕೊಟ್ಟು ತೆಗೆದದ್ದು ಪಿಯಾನೋಟೆಕ್. ಅದು ರೆಕಾರ್ಡ್ ಮಾಡಿಟ್ಟ ಶಬ್ದ ಎತ್ತಿಕೊಡುವುದಿಲ್ಲ, ತಂತಿ ಕಂಪಿಸುವ ಬಗೆಯನ್ನು ಲೆಕ್ಕ ಹಾಕಿ ಶಬ್ದ ಹುಟ್ಟಿಸುತ್ತದೆ. ಹಾಗಾಗಿ ಫೈಲ್ ತುಂಬಾ ಚಿಕ್ಕದು, ಬೇಗ ತೆರೆಯುತ್ತದೆ. ರೆಕಾರ್ಡ್ ಮಾಡಿದ ಪಿಯಾನೋಗಳು ಹಲವು ಜಿಬಿ ಇರುತ್ತವೆ. ಮನೆಯಲ್ಲಿ ಕೇಳಲು ಚೆನ್ನ, ಆದರೆ ಹಾಲ್‌ನಲ್ಲಿ ಡ್ರಮ್ಸ್ ಜೊತೆ ಆ ಸೂಕ್ಷ್ಮ ಯಾರಿಗೂ ಕೇಳಿಸುವುದಿಲ್ಲ.

ಪ್ರತಿ ಹಾಡಿಗೆ ಒಂದು ಪ್ಯಾಚ್ ಮಾಡಿ. ಪ್ಯಾಚ್ ಅಂದರೆ ಆ ಹಾಡಿಗೆ ಬೇಕಾದ ಟೋನ್, ವಾಲ್ಯೂಮ್, ಶ್ರುತಿ, ಎಡಗೈಗೆ ಏನು, ಬಲಗೈಗೆ ಏನು, ಎಲ್ಲ ಒಟ್ಟಿಗೆ ಕಟ್ಟಿಟ್ಟ ಗಂಟು. ಹೆಸರು ದೊಡ್ಡದಾಗಿ, ಹಾಡಿನ ಮೊದಲ ಸಾಲಿನಲ್ಲೇ ಇಡಿ. "ಹೊಸ ಪ್ಯಾಡ್ 3 ಫೈನಲ್" ಅಂತ ಇಟ್ಟರೆ ಸ್ಟೇಜಿನ ಕೆಂಪು ಲೈಟಿನಲ್ಲಿ ನಿಮಗೇ ಅರ್ಥವಾಗುವುದಿಲ್ಲ.

ಎಲ್ಲ ಪ್ಯಾಚ್‌ಗಳ ಜೋರು ಒಂದೇ ಮಟ್ಟಕ್ಕೆ ತನ್ನಿ. ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಹೆಡ್‌ಫೋನ್‌ನಲ್ಲಿ ಮಾಡಬೇಡಿ, ಸ್ಪೀಕರ್‌ನಲ್ಲಿ ಸ್ವಲ್ಪ ಜೋರಾಗಿಯೇ ಇಟ್ಟು ಮಾಡಿ. ಪಿಯಾನೋದಿಂದ ಬ್ರಾಸ್‌ಗೆ ಹೋದ ಕೂಡಲೇ ಸೌಂಡ್‌ನವರು ಬೆಚ್ಚಿ ಬಿದ್ದು ನಿಮ್ಮ ವಾಲ್ಯೂಮ್ ಇಳಿಸುತ್ತಾರೆ. ಇಳಿಸಿದ್ದನ್ನು ಮತ್ತೆ ಏರಿಸುವುದು ಅವರಿಗೆ ನೆನಪಿರುವುದಿಲ್ಲ.

ಇನ್ನು ಲೇಯರ್ ವಿಷಯ. ನಾಲ್ಕು ಸಿಂಥ್ ಒಂದರ ಮೇಲೊಂದು ಹಾಕಿದರೆ ಮನೆಯಲ್ಲಿ ಸ್ವರ್ಗ, ಹಾಲ್‌ನಲ್ಲಿ ಕೆಸರು. ಎರಡು ಸಾಕು. ರಿವರ್ಬ್, ಅಂದರೆ ಮಾರ್ದನಿ, ಅರ್ಧಕ್ಕೆ ಇಳಿಸಿ. ನಮ್ಮ ಸಮಾಜದ ಹಾಲ್‌ಗಳ ಎತ್ತರದ ಚಾವಣಿಯೇ ಬೇಕಾದಷ್ಟು ರಿವರ್ಬ್ ಕೊಡುತ್ತದೆ.

5. ಶ್ರುತಿ: ಇಲ್ಲಿ ಸ್ವಲ್ಪ ನಿಧಾನಿಸಿ

ಹಾಡುವವರು "ಕಪ್ಪು 2" ಅನ್ನುತ್ತಾರೆ, ನಿಮಗೆ ಸಿ (ಬಿಳಿ 1) ಮೇಲೆ ನುಡಿಸಿಯೇ ಅಭ್ಯಾಸ. ಟ್ರಾನ್ಸ್‌ಪೋಸ್ ಮಾಡಬೇಕು, ಅಂದರೆ ಕೀ ಅದೇ ಒತ್ತಿ ಸ್ವರ ಮೇಲೆ ಕೆಳಗೆ ಸರಿಸಬೇಕು. ಕಪ್ಪು 2 ಅಂದರೆ ಸಿಯಿಂದ ಮೂರು ಅರ್ಧಸ್ವರ ಮೇಲೆ. ಕೀಬೋರ್ಡಿನಲ್ಲಿ ಒಂದು ಟ್ರಾನ್ಸ್‌ಪೋಸ್ ಇದೆ, ಹೋಸ್ಟ್‌ನಲ್ಲಿ ಇನ್ನೊಂದು, ಸಿಂಥ್ ಒಳಗೆ ಮತ್ತೊಂದು. ಯಾವುದಾದರೂ ಒಂದೇ ಜಾಗದಲ್ಲಿ ಮಾಡುವ ನಿಯಮ ಹಾಕಿಕೊಳ್ಳಿ. ನನ್ನ ಸಲಹೆ ಹೋಸ್ಟ್. ಪ್ಯಾಚ್ ಜೊತೆಗೆ ಸೇವ್ ಆಗುತ್ತದೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ಎರಡೂ ಕಡೆ ಮಾಡಿಕೊಂಡು ಹಾಡುಗಾರರನ್ನು ಆರು ಅರ್ಧಸ್ವರ ಮೇಲೆ ಹತ್ತಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಭಜನೆ ತಂಡದ ಹಾರ್ಮೋನಿಯಂ ಜೊತೆ ನುಡಿಸುವಾಗ ಬೇರೆ ಸಮಸ್ಯೆ. ಸಿಂಥ್‌ಗಳು ಎ ಸ್ವರಕ್ಕೆ 440 ಹರ್ಟ್ಜ್ ಅಂತ ಇಟ್ಟುಕೊಂಡು ಬರುತ್ತವೆ. ಹಳೇ ಹಾರ್ಮೋನಿಯಂ ಅಲ್ಲಿಗೆ ಕೂರುವುದು ಅಪರೂಪ. ಹೋಸ್ಟ್ ಅಥವಾ ಸಿಂಥ್‌ನಲ್ಲಿ ಫೈನ್ ಟ್ಯೂನ್ ಇರುತ್ತದೆ, ಅಳತೆ ಸೆಂಟ್‌ಗಳಲ್ಲಿ. ಒಂದು ಅರ್ಧಸ್ವರಕ್ಕೆ 100 ಸೆಂಟ್. ಹಾರ್ಮೋನಿಯಂ 442ರಲ್ಲಿದ್ದರೆ ನೀವು ಸುಮಾರು 8 ಸೆಂಟ್ ಮೇಲೆ ಹೋಗಬೇಕು. ಫೋನಿನಲ್ಲಿ ಟ್ಯೂನರ್ ಆಪ್ ಹಾಕಿಕೊಂಡು ಮೊದಲು ಹಾರ್ಮೋನಿಯಂ ಅಳೆಯಿರಿ, ಆಮೇಲೆ ನಿಮ್ಮದು ಸರಿಸಿ. ಹಾರ್ಮೋನಿಯಂನವರನ್ನು ಸರಿಸಿ ಅನ್ನಲು ಆಗಲ್ಲ ಅಲ್ವಾ.

ವಾಲಗದ ವಿಷಯದಲ್ಲಿ ಫೈನ್ ಟ್ಯೂನ್ ಕೂಡ ಕೆಲಸಕ್ಕೆ ಬರುವುದಿಲ್ಲ. ಅವರ ವಾದ್ಯಕ್ಕೆ ಅದರದ್ದೇ ಶ್ರುತಿ, ನುಡಿಸುವವರ ಉಸಿರಿನ ಜೊತೆ ಅದು ಏರುತ್ತದೆ, ಇಳಿಯುತ್ತದೆ. ವಾಲಗ ಶುರುವಾಯಿತು, ಜನ ಕುಣಿಯಲು ಎದ್ದರು ಅಂದರೆ ಕೈ ಮಡಚಿ ಕೂತು ನೀರು ಕುಡಿಯಿರಿ. ಪ್ಯಾಡ್ ಹಿಡಿದು ಸಹಾಯ ಮಾಡಲು ಹೋಗಬೇಡಿ. ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ವಾದ್ಯ) ಶಬ್ದದ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿಟ್ಟ ತುಣುಕು, ಸಿಗುತ್ತದಾ, ಕೀಯಲ್ಲೇ ದುಡಿ ಬಾರಿಸಬಹುದಾ ಅಂತಲೂ ಕೇಳುತ್ತಾರೆ. ಮೈಕ್ ಇಟ್ಟು ನೀವೇ ರೆಕಾರ್ಡ್ ಮಾಡಿಕೊಳ್ಳಬಹುದು. ಆದರೆ ನಿಜವಾದ ದುಡಿ ಬಾರಿಸುವವರು ಪಕ್ಕದ ಊರಿನಲ್ಲೇ ಇರುವಾಗ ನಾನು ಕೀಯಲ್ಲಿ ಬಾರಿಸುವುದಿಲ್ಲ. ಅವರಿಗೆ ಒಂದು ಮೈಕ್ ಕೊಡಿ ಅನ್ನುತ್ತೇನೆ.

ಗಮಕಕ್ಕೆ ಪಿಚ್ ಬೆಂಡ್ ಚಕ್ರ ಬೇಕಾಗುತ್ತದೆ. ಸಿಂಥ್‌ಗಳಲ್ಲಿ ಅದರ ವ್ಯಾಪ್ತಿ ಸಾಮಾನ್ಯವಾಗಿ ಮೇಲೆ ಕೆಳಗೆ ಎರಡೆರಡು ಅರ್ಧಸ್ವರ. ಕೆಲವು ಪ್ಯಾಚ್‌ಗಳಲ್ಲಿ 12 ಇಟ್ಟಿರುತ್ತಾರೆ. ನೋಡದೆ ಚಕ್ರ ತಿರುಗಿಸಿದರೆ ಕೊಳಲು ಸೈರನ್ ಆಗುತ್ತದೆ. ಪ್ರತಿ ಪ್ಯಾಚ್‌ನಲ್ಲೂ 2ಕ್ಕೆ ತಂದು ಸೇವ್ ಮಾಡಿ.

6. ಮನೆಯಲ್ಲೇ ಎಲ್ಲ ಕೆಡಿಸಿ ನೋಡಿ

ಈ ಹಂತ ಬಿಡುವವರೇ ಜಾಸ್ತಿ.

ಮೊದಲು ಇಂಟರ್‌ನೆಟ್ ಪೂರ್ತಿ ಕಡಿದು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಎಲ್ಲ ಸಿಂಥ್ ತೆರೆಯುತ್ತದಾ ನೋಡಿ. ದುಡ್ಡು ಕೊಟ್ಟ ಕೆಲವು ಸಾಫ್ಟ್‌ವೇರ್ ಆಗಾಗ ಲೈಸೆನ್ಸ್ ಕೇಳುತ್ತವೆ. ಎಸ್ಟೇಟ್ ಒಳಗಿನ ಮದುವೆಯಲ್ಲಿ ಫೋನಿಗೇ ಸಿಗ್ನಲ್ ಇರುವುದಿಲ್ಲ, ಲಾಗಿನ್ ಎಲ್ಲಿಂದ ಮಾಡುತ್ತೀರಿ?

ಆಮೇಲೆ ಭಾರಿ ಲೇಯರ್ ಇರುವ ಹಾಡು ನುಡಿಸುತ್ತಾ ಚಾರ್ಜರ್ ಕಿತ್ತು ಹಾಕಿ. ಬಹಳಷ್ಟು ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ಕೂಡಲೇ ಪ್ರೊಸೆಸರ್ ವೇಗ ಇಳಿಸುತ್ತವೆ. ಅಲ್ಲಿಯವರೆಗೆ ಚೆನ್ನಾಗಿದ್ದ ಶಬ್ದ ಪಟಪಟ ಅನ್ನಲು ಶುರುವಾಗುತ್ತದೆ. ಬ್ಯಾಟರಿ ಮೋಡ್‌ನ ಪವರ್ ಸೆಟ್ಟಿಂಗ್ ಬದಲಿಸಿ, ಆಗಲೂ ಪಟಪಟ ನಿಲ್ಲದಿದ್ದರೆ ಬಫರ್ ಏರಿಸಿ ಅಥವಾ ಲೇಯರ್ ಕಡಿಮೆ ಮಾಡಿ. ನಮ್ಮ ಜಿಲ್ಲೆಯಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ, ಈ ಪರೀಕ್ಷೆ ಪಾಸಾಗದೆ ಮನೆ ಬಿಡಬೇಡಿ.

ಕೊನೆಗೆ ಯುಎಸ್‌ಬಿ ವೈರ್ ಎಳೆದು ಮತ್ತೆ ಹಾಕಿ. ಕೀಬೋರ್ಡ್ ತಾನಾಗಿ ಮತ್ತೆ ಸೇರಿಕೊಳ್ಳುತ್ತದಾ, ಹೋಸ್ಟ್ ಬಂದ್ ಮಾಡಿ ತೆರೆಯಬೇಕಾ? ತೆರೆಯಲು ಎಷ್ಟು ಸೆಕೆಂಡ್ ಬೇಕು? ಆ ಅಂಕಿ ಬರೆದಿಟ್ಟುಕೊಳ್ಳಿ. ನನ್ನದು 40 ಸೆಕೆಂಡ್. ನಿರೂಪಕರಿಗೆ ಮೊದಲೇ ಹೇಳಿಟ್ಟಿರುತ್ತೇನೆ: ನಾನು ಕೈ ಎತ್ತಿದರೆ ಒಂದು ನಿಮಿಷ ಮಾತಾಡಿ.

ಇದಾದ ಮೇಲೆ ಪೂರ್ತಿ ಮೂರು ಗಂಟೆ, ಅದೇ ಕ್ರಮದಲ್ಲಿ, ಒಮ್ಮೆಯೂ ನಿಲ್ಲಿಸದೆ ನುಡಿಸಿ. ಕೆಲವು ತೊಂದರೆ ಲ್ಯಾಪ್‌ಟಾಪ್ ಬಿಸಿಯಾದ ಮೇಲೆಯೇ ಹೊರಗೆ ಬರುತ್ತದೆ.

7. ಕರೆಂಟ್ ಅಳೆಯದೆ ಪ್ಲಗ್ ಹಾಕಬೇಡಿ

ಬ್ಯಾಗಿನಲ್ಲಿ ಒಂದು ಮಲ್ಟಿಮೀಟರ್ ಇರಲಿ. ಸ್ಟೇಜಿಗೆ ಬಂದಿರುವ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ. 230ರ ಆಸುಪಾಸು ಇರಬೇಕು. ಲ್ಯಾಪ್‌ಟಾಪ್ ಅಡಾಪ್ಟರ್ ಮೇಲೆ 100ರಿಂದ 240 ಅಂತ ಬರೆದಿರುತ್ತದೆ, ಹಾಗಾಗಿ ವೋಲ್ಟೇಜ್ ಇಳಿದರೆ ಅದು ತಡೆದುಕೊಳ್ಳುತ್ತದೆ. ಏರಿದರೆ ತಡೆಯುವುದಿಲ್ಲ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ 230 ಇರಬೇಕಾದ ಕಡೆ 350 ದಾಟಿಯೂ ಬರಬಹುದು. ಅಂಗಡಿಯ ಸಾದಾ ಸ್ಪೈಕ್ ಬೋರ್ಡ್ ಅದನ್ನು ತಡೆಯುತ್ತದೆ ಅಂತ ನಂಬಬೇಡಿ.

ಸೀರಿಯಲ್ ಲೈಟು, ಹೊಗೆ ಮಷಿನ್, ಅಡುಗೆಯವರ ಮಿಕ್ಸಿ ಇರುವ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಬೇಡಿ. ಸೌಂಡ್‌ನವರ ಮಿಕ್ಸರ್ ಎಲ್ಲಿಂದ ತೆಗೆದುಕೊಂಡಿದೆಯೋ ಅಲ್ಲಿಂದಲೇ ತೆಗೆದುಕೊಳ್ಳಿ. ಎರಡು ಬೇರೆ ಬೇರೆ ಕಡೆಯಿಂದ ತೆಗೆದುಕೊಂಡರೆ ಗುಂಯ್ ಅನ್ನುವ ಶಬ್ದ ಬರುವ ಸಾಧ್ಯತೆ ಜಾಸ್ತಿ. ಹಳೇ ಕೀಬೋರ್ಡಿಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ನಡುವೆ ಅದು ಆರಿ ಹೊತ್ತಿದರೆ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಹೋಗಿಬಿಡುತ್ತದೆ. ಲೋಕಲ್ ಕಂಟ್ರೋಲ್ ಕೂಡ.

ಗುಂಯ್ ಶಬ್ದ ಬಂತಾ? ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ನಿಂತರೆ ತೊಂದರೆ ಅರ್ಥಿಂಗ್‌ನದ್ದು. ಆಗ ಯಾರಾದರೂ ಬಂದು "ತ್ರೀ ಪಿನ್‌ನ ದಪ್ಪ ಪಿನ್ ತೆಗೆದುಬಿಡಿ, ಸರಿ ಹೋಗುತ್ತೆ" ಅನ್ನುತ್ತಾರೆ. ಸರಿ ಹೋಗುತ್ತದೆ, ಜೊತೆಗೆ ಮೈಕ್ ಮುಟ್ಟಿದವರಿಗೆ ಶಾಕ್ ಹೊಡೆಯುವ ದಾರಿಯೂ ತೆರೆದುಕೊಳ್ಳುತ್ತದೆ. ಒದ್ದೆ ನೆಲದ ಮೇಲೆ, ಶಾಮಿಯಾನದ ಕೆಳಗೆ ಇದು ಜೀವದ ಪ್ರಶ್ನೆ. ಅರ್ಥ್ ಪಿನ್ ಯಾವತ್ತೂ ತೆಗೆಯಬೇಡಿ. ಇದಕ್ಕೆ ಮದ್ದು ಡಿಐ ಬಾಕ್ಸ್‌ನಲ್ಲಿದೆ.

8. ಸೌಂಡ್‌ನವರಿಗೆ ಏನು ಕೊಡಬೇಕು

ಡಿಐ ಬಾಕ್ಸ್ ಅಂದರೆ ನಿಮ್ಮ ಇಂಟರ್‌ಫೇಸ್‌ನಿಂದ ಬರುವ ಸಿಗ್ನಲನ್ನು ಮೈಕ್ ವೈರಿನಲ್ಲಿ ದೂರದ ಮಿಕ್ಸರ್‌ವರೆಗೆ ಗದ್ದಲ ಇಲ್ಲದೆ ಕಳಿಸುವ ಪೆಟ್ಟಿಗೆ. ಅದರ ಮೇಲೆ ಗ್ರೌಂಡ್ ಲಿಫ್ಟ್ ಅನ್ನುವ ಒಂದು ಸ್ವಿಚ್ ಇರುತ್ತದೆ. ಗುಂಯ್ ಶಬ್ದಕ್ಕೆ ಅದನ್ನು ಒತ್ತಿ. ಅದು ಕಡಿಯುವುದು ಶಬ್ದದ ವೈರಿನ ಗ್ರೌಂಡ್ ಮಾತ್ರ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ.

ನೀವು ಎಡ ಬಲ ಎರಡು ವೈರ್ ಕೊಟ್ಟರೂ ನಮ್ಮ ಕಡೆ ಹೆಚ್ಚಿನ ಸೌಂಡ್ ಸಿಸ್ಟಂ ನಡೆಯುವುದು ಮೋನೋದಲ್ಲಿ, ಅಂದರೆ ಎಲ್ಲ ಸ್ಪೀಕರ್‌ನಲ್ಲೂ ಒಂದೇ ಶಬ್ದ. ಅಗಲವಾದ ಸ್ಟೀರಿಯೋ ಪಿಯಾನೋ ಮೋನೋ ಆದಾಗ ಕೆಲವು ಸಲ ಟೊಳ್ಳಾಗಿ ಕೇಳಿಸುತ್ತದೆ. ಮನೆಯಲ್ಲೇ ಹೋಸ್ಟನ್ನು ಮೋನೋಗೆ ಹಾಕಿ ಎಲ್ಲ ಪ್ಯಾಚ್ ಕೇಳಿ. ಟೊಳ್ಳಾದದ್ದನ್ನು ಬದಲಿಸಿ.

ಸೌಂಡ್ ಚೆಕ್‌ನಲ್ಲಿ ನಿಮ್ಮ ಪಟ್ಟಿಯ ಅತಿ ಜೋರಿನ ಪ್ಯಾಚ್ ಮೊದಲು ನುಡಿಸಿ, ಮೆಲ್ಲಗಿನದ್ದು ಆಮೇಲೆ. ಸೌಂಡ್‌ನವರ ಹೆಸರು ಕೇಳಿಟ್ಟುಕೊಳ್ಳಿ, ಊಟ ಆಯಿತಾ ಅಂತ ವಿಚಾರಿಸಿ. ತಮಾಷೆ ಅನ್ನಿಸಬಹುದು, ನಿಮ್ಮ ಮಾನಿಟರ್ ಚೆನ್ನಾಗಿರುವುದು ಎಷ್ಟೋ ಸಲ ಇದರಿಂದಲೇ.

9. ಸ್ಟೇಜಿನ ಮೇಲೆ, ಮತ್ತು ಎಲ್ಲ ಕೆಟ್ಟಾಗ

ಪೆಡಲ್ ಮೇಲೆ ಕಾಲಿಟ್ಟುಕೊಂಡು ಕೀಬೋರ್ಡ್ ಆನ್ ಮಾಡಬೇಡಿ. ಆನ್ ಆಗುವಾಗ ಪೆಡಲ್ ಹೇಗಿದೆ ಅಂತ ನೋಡಿಕೊಂಡು ಲೆಕ್ಕ ಹಾಕುವ ಕೀಬೋರ್ಡ್ ತುಂಬಾ ಇವೆ. ಒತ್ತಿದ್ದರೆ ಉಲ್ಟಾ ಆಗುತ್ತದೆ: ಬಿಟ್ಟಾಗ ಶಬ್ದ ಹರಿಯುತ್ತದೆ, ಒತ್ತಿದರೆ ನಿಲ್ಲುತ್ತದೆ. ಆಫ್ ಮಾಡಿ, ಕಾಲು ತೆಗೆದು ಆನ್ ಮಾಡಿದರೆ ಸರಿ.

ಯುಎಸ್‌ಬಿ ವೈರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಸುತ್ತಿ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಎಳೆತ ಬಿದ್ದರೆ ಸ್ಟ್ಯಾಂಡಿಗೆ ಬೀಳಲಿ, ಕಿಂಡಿಗೆ ಬೇಡ. ಪೊನ್ನಂಪೇಟೆ ಹತ್ತಿರದ ಒಂದು ಮದುವೆಯಲ್ಲಿ ನನ್ನ ಕಾಲೇ ಆ ವೈರಿಗೆ ಸಿಕ್ಕಿ, ಪ್ಯಾಡ್‌ನ ಒಂದು ಸ್ವರ ನಿಲ್ಲದೆ ಕೂಗುತ್ತಾ ಉಳಿಯಿತು. "ಬಿಟ್ಟ" ಅನ್ನುವ ಮಿಡಿ ಸೂಚನೆ ಲ್ಯಾಪ್‌ಟಾಪ್ ತಲುಪುವ ಮೊದಲೇ ವೈರ್ ಕಳಚಿತ್ತು. ಇದಕ್ಕೆ ಹೋಸ್ಟ್‌ಗಳಲ್ಲಿ ಪ್ಯಾನಿಕ್ ಅನ್ನುವ ಬಟನ್ ಇರುತ್ತದೆ, ಎಲ್ಲ ಸ್ವರ ಒಟ್ಟಿಗೆ ನಿಲ್ಲಿಸುತ್ತದೆ. ಅದನ್ನು ಕೀಬೋರ್ಡಿನ ಒಂದು ಬಟನ್‌ಗೆ ಜೋಡಿಸಿಟ್ಟುಕೊಳ್ಳಿ. ಮೌಸ್ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ.

ಲ್ಯಾಪ್‌ಟಾಪ್ ಪೂರ್ತಿ ನಿಂತೇ ಹೋಯಿತು ಅನ್ನಿ. ಹಳೇ ಕೀಬೋರ್ಡಿನ ಔಟ್‌ಪುಟ್‌ನಿಂದ ಇನ್ನೊಂದು ವೈರ್ ಮಿಕ್ಸರ್‌ನ ಬೇರೆ ಚಾನೆಲ್‌ಗೆ ಮೊದಲೇ ಹೋಗಿರಬೇಕು. ಲೋಕಲ್ ಕಂಟ್ರೋಲ್ ಆನ್ ಮಾಡಿ, ಪಿಯಾನೋ ಆರಿಸಿ, ನುಡಿಸಿ. ಲೋಕಲ್ ಕಂಟ್ರೋಲ್ ಎಲ್ಲಿದೆ ಅಂತ ನೆನಪಾಗದಿದ್ದರೆ ಕೀಬೋರ್ಡ್ ಆಫ್ ಮಾಡಿ ಆನ್ ಮಾಡಿ, ಹೆಚ್ಚಿನವು ತಾವಾಗಿಯೇ ಮೊದಲಿನ ಸ್ಥಿತಿಗೆ ಬರುತ್ತವೆ. ಶ್ರುತಿ ಆ ಹೊತ್ತಿಗೆ ಕೈಯಲ್ಲೇ ಹೊಂದಿಸಬೇಕು, ಅಥವಾ ಬಟನ್ ಮೇಲಿನ ಆ ಟೇಪ್ ಕಿತ್ತು ಟ್ರಾನ್ಸ್‌ಪೋಸ್ ಒತ್ತಬೇಕು.

10. ತೇವ

ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಕೀಬೋರ್ಡ್ ಬ್ಯಾಗಿಗೂ ಬೂಷ್ಟು. ಕೀ ಕೆಳಗಿನ ರಬ್ಬರ್ ಸಂಪರ್ಕಗಳಿಗೆ ತೇವ, ಧೂಳು ಸೇರಿದರೆ ಕೆಲವು ಕೀ ಮೂಕವಾಗುತ್ತವೆ, ಕೆಲವು ಮುಟ್ಟಿದರೆ ಸಾಕು ಕಿರುಚುತ್ತವೆ. ಬ್ಯಾಗ್ ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಪೊಟ್ಟಣದ ಮೇಲೆ ಬರೆದಿರುವ ರೀತಿಯಲ್ಲಿ ಒಣಗಿಸಿ. ಕೀಬೋರ್ಡ್ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಹೊರಗಿಟ್ಟು ಹತ್ತಿ ಬಟ್ಟೆ ಮುಚ್ಚಿ, ದಿನಾ ಅರ್ಧ ಗಂಟೆ ನುಡಿಸಿ. ಪ್ಲಾಸ್ಟಿಕ್ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ.

ಡಿಸೆಂಬರ್ ರಾತ್ರಿ ಜೀಪಿನ ಹಿಂದೆ ಚಳಿಯಲ್ಲಿ ಬಂದ ಲ್ಯಾಪ್‌ಟಾಪನ್ನು ಜನ ತುಂಬಿದ ಬೆಚ್ಚಗಿನ ಹಾಲ್‌ಗೆ ತಂದ ಕೂಡಲೇ ಆನ್ ಮಾಡಬೇಡಿ. ಕನ್ನಡಕದ ಮೇಲೆ ಮಂಜು ಕೂರುವ ಹಾಗೆ ಅದರ ಒಳಗೂ ಕೂರುತ್ತದೆ. ಬ್ಯಾಗ್ ಮುಚ್ಚಿಯೇ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಸ್ಟ್ಯಾಂಡ್ ಹಾಕಿ, ವೈರ್ ಎಳೆಯಿರಿ, ವೋಲ್ಟೇಜ್ ಅಳೆಯಿರಿ. ಕಾರ್ಯಕ್ರಮ ಮುಗಿದ ಮೇಲೆ ವೈರ್ ಕೀಳುವ ಮುಂಚೆ ಸೌಂಡ್‌ನವರಿಗೆ ಕೂಗಿ ಹೇಳಿ, ಅವರು ನಿಮ್ಮ ಚಾನೆಲ್ ಮ್ಯೂಟ್ ಮಾಡಿ ಹೆಬ್ಬೆರಳು ತೋರಿಸುವವರೆಗೆ ಕಾಯಿರಿ. ಆಮೇಲೆ ಕೀಳಿ.